ಏಜೆಂಟರಿಗೆ ಕಳಿಸುವ ಮುಂಚೆ ಕಾದಂಬರಿಗೆ ಎಷ್ಟು ಎಡಿಟಿಂಗ್ ಬೇಕು?

ಪ್ರಶ್ನೆ: ನಮಸ್ತೆ ಮೇಡಂ. ಇಂಗ್ಲಿಷಿನಲ್ಲಿ ನನ್ನ ಮೊದಲ ಕಾದಂಬರಿ ಬರೆದು ಮುಗಿಸಿದ್ದೇನೆ. 1,32,000 ಪದ ಆಗಿದೆ. ಒಂದು ಮನೆತನದ ಕಥೆ, ನಡುವೆ ಒಂದು ಗುಟ್ಟೂ ಇದೆ. ಪುಸ್ತಕವನ್ನು ಪ್ರಕಾಶಕರಿಗೆ ಮಾರಿಕೊಡುವ ಲಿಟರರಿ ಏಜೆಂಟರಿಗೆ ಕಳಿಸಬೇಕು ಅಂತಿದ್ದೇನೆ. ಅದಕ್ಕೆ ಮೊದಲು ಪೂರ್ತಿ ಹಸ್ತಪ್ರತಿಯನ್ನು ಕಾಪಿ ಎಡಿಟಿಂಗ್‌ಗೆ ಕೊಡಬೇಕಾ? ಎಡಿಟ್ ಆಗದೇ ಇರೋದನ್ನು ಯಾರೂ ಓದಲ್ಲ ಅಂತ ಸ್ನೇಹಿತರು ಹೆದರಿಸಿದ್ದಾರೆ. ನನ್ನ ಕೈಯಲ್ಲಿರುವ ದುಡ್ಡು ಒಂದು ಸಲದ ಎಡಿಟಿಂಗ್‌ಗೆ ಮಾತ್ರ ಸಾಕಾಗುತ್ತದೆ.

ಉತ್ತರ: ನಮಸ್ತೆ. ಕಾದಂಬರಿ ಮುಗಿಸಿದ್ದೀರಲ್ಲ, ಮೊದಲು ಅದಕ್ಕೆ ಅಭಿನಂದನೆ. ಕಾಪಿ ಎಡಿಟಿಂಗ್ ಈಗ ಬೇಡ.

ಕಾಪಿ ಎಡಿಟರ್ ನೋಡುವುದು ವ್ಯಾಕರಣ, ಕಾಗುಣಿತ, ಹೆಸರು ಮತ್ತು ತಾರೀಖುಗಳ ಹೊಂದಾಣಿಕೆ. ಕಥೆ ಗಟ್ಟಿಯಾದ ಮೇಲೆ ಆಗಬೇಕಾದ ಕೆಲಸ ಅದು. ನಿಮ್ಮದು 1,32,000 ಪದ. ದೊಡ್ಡವರಿಗಾಗಿ ಬರೆದ ಮೊದಲ ಕಾದಂಬರಿ ಸಾಮಾನ್ಯವಾಗಿ 80,000ದಿಂದ 1,00,000 ಪದದೊಳಗೆ ಇರಲಿ ಅಂತ ಏಜೆಂಟರು ಬಯಸುತ್ತಾರೆ. ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಆದರೆ 1,20,000ದವರೆಗೂ ನಡೆಯುತ್ತದೆ. ಅಂದರೆ ನೀವು 30,000 ಪದದಷ್ಟು ತೆಗೆಯಬೇಕಾಗಿ ಬರಬಹುದು. ನಾಳೆ ತೆಗೆದುಹಾಕುವ ಪುಟಗಳಿಗೆ ಇವತ್ತು ದುಡ್ಡು ಕೊಟ್ಟು ಅಲ್ಪವಿರಾಮ ಸರಿಮಾಡಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಇನ್ನೊಂದು ವಿಷಯ. ವೃತ್ತಿಪರ ಎಡಿಟರ್ ಕೈದಾಟಿದ ಪ್ರತಿಯೇ ಬೇಕು ಅಂತ ಒಳ್ಳೆಯ ಏಜೆಂಟರು ಕೇಳುವುದಿಲ್ಲ. ಪುಸ್ತಕ ಮಾರಾಟವಾದರೆ ಪ್ರಕಾಶಕರು ತಮ್ಮ ಖರ್ಚಿನಲ್ಲೇ ಎಡಿಟ್ ಮಾಡಿಸುತ್ತಾರೆ. ಅಲ್ಲೊಂದು ಇಲ್ಲೊಂದು ತಪ್ಪಿದ್ದರೆ ಯಾರೂ ತಿರಸ್ಕರಿಸುವುದಿಲ್ಲ. ಮೊದಲ ಪುಟ ಮಾತ್ರ ಚೊಕ್ಕವಾಗಿರಲಿ.

ಹಾಗಾದರೆ ಆ ದುಡ್ಡನ್ನು ಏನು ಮಾಡಬೇಕು? ಮೊದಲು ಕಥೆ ಓದುವ ಅಭ್ಯಾಸವಿರುವ ಮೂರ್ನಾಲ್ಕು ಜನಕ್ಕೆ ಕೊಡಿ. ಮನೆಯವರಿಗೆ ಬೇಡ, ಅವರು ನಿಮ್ಮನ್ನು ನೋಯಿಸಲ್ಲ. ಎಲ್ಲಿ ಬೇಜಾರಾಯಿತು, ಎಲ್ಲಿ ನಂಬಿಕೆ ಬರಲಿಲ್ಲ, ಇವೆರಡನ್ನು ಕೇಳಿದರೆ ಸಾಕು. ಅವರ ಮಾತು ಕೇಳಿ ತಿದ್ದಿ. ಆಮೇಲೆ ಹಸ್ತಪ್ರತಿ ಮೌಲ್ಯಮಾಪನ ಮಾಡಿಸಿ. ಎಡಿಟರ್ ಪೂರ್ತಿ ಓದಿ ಕೆಲವು ಪುಟಗಳ ಪತ್ರ ಬರೆದುಕೊಡುತ್ತಾರೆ. ವಾಕ್ಯಗಳಿಗೆ ಕೈ ಹಾಕುವುದಿಲ್ಲ, ಹಾಗಾಗಿ ಕಥೆಯ ಹಂದರವನ್ನೇ ಹಸ್ತಪ್ರತಿಯುದ್ದಕ್ಕೂ ತಿದ್ದಿಸುವ ಪೂರ್ತಿ ಡೆವಲಪ್‌ಮೆಂಟಲ್ ಎಡಿಟಿಂಗ್‌ಗಿಂತ ಖರ್ಚು ಕಡಿಮೆ.

ಆ ಪತ್ರದಲ್ಲಿ ಇಂಥ ಮಾತು ಇರುತ್ತದೆ: "ನಾಲ್ಕನೇ ಅಧ್ಯಾಯದಲ್ಲೇ ಅವಳಿಗೆ ವಿಷಯ ಗೊತ್ತಾಗಿದೆ. ಹದಿನೇಳನೇ ಅಧ್ಯಾಯದವರೆಗೆ ಅಕ್ಕನಿಗೆ ಯಾಕೆ ಹೇಳಲಿಲ್ಲ? ಮುಚ್ಚಿಡಲು ಅವಳಿಗೆ ಕಾರಣವಿಲ್ಲ, ಲೇಖಕರಿಗೆ ಮಾತ್ರ ಇದೆ." ಇದನ್ನು ಯಾವ ಕಾಪಿ ಎಡಿಟಿಂಗೂ ಹಿಡಿದುಕೊಡುವುದಿಲ್ಲ. ಒಳ್ಳೆಯ ಓದುಗರು "ನಡುವೆ ಸ್ವಲ್ಪ ಎಳೆದ ಹಾಗಿದೆ" ಅಂತಾರೆ. ಯಾಕೆ ಎಳೆದ ಹಾಗಿದೆ ಅಂತ ಹೇಳುವವರು ಎಡಿಟರ್.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಏಜೆಂಟರಿಗೆ ಕಾದಂಬರಿಯನ್ನು ಪರಿಚಯಿಸುವ ಕ್ವೆರಿ ಪತ್ರವನ್ನಾದರೂ ಎಡಿಟರ್‌ಗೆ ತೋರಿಸಬೇಕಾ? ನನ್ನದು ಹೀಗೆ ಶುರುವಾಗುತ್ತದೆ: "ಇದು ಪ್ರೀತಿ, ದ್ರೋಹ ಮತ್ತು ಕ್ಷಮೆಯ ಕಥೆ. ಒಂದು ಮನೆತನ ಮೂರು ತಲೆಮಾರು ಮುಚ್ಚಿಟ್ಟ ಗುಟ್ಟು ಕೊನೆಗೂ ಹೊರಬರುತ್ತದೆ."

ಉತ್ತರ: ತೋರಿಸಿ. ಸಣ್ಣ ಕೆಲಸ, ಆದರೆ ಅದಕ್ಕೆ ಕೊಟ್ಟ ದುಡ್ಡು ದಂಡವಾಗುವುದಿಲ್ಲ. ನಿಮ್ಮ ಎರಡು ವಾಕ್ಯ ಸಾವಿರ ಕಾದಂಬರಿಗಳಿಗೆ ಒಪ್ಪುತ್ತವೆ, ಅದೇ ತೊಂದರೆ. ಕಥೆಯಲ್ಲಿ ನಿಜವಾಗಿ ಏನಾಗುತ್ತದೆ ಹೇಳಿ.

ಪ್ರಶ್ನೆ: ನಾಯಕಿ ನರ್ಸ್. ತಂದೆ ತೀರಿಕೊಂಡ ಮೇಲೆ ಮನೆ ಮಾರಲು ಬರುತ್ತಾಳೆ. ಸತ್ತುಹೋದ ತಮ್ಮನ ಸಹಿ ಹೊಸ ಕಾಗದದಲ್ಲಿ ಇರುತ್ತದೆ. ಅದನ್ನು ಹಾಕಿದ್ದು ತಾಯಿ.

ಉತ್ತರ: ಇಷ್ಟು ಚೆನ್ನಾಗಿರೋದನ್ನು ಯಾಕೆ ಬಚ್ಚಿಟ್ಟಿದ್ದೀರಿ? ಹೀಗೆ ಬರೆದು ನೋಡಿ: "ತಂದೆಯ ಮನೆ ಮಾರಲು ಬಂದ ನರ್ಸ್ ಕಣ್ಣಿಗೆ ಮನೆಪತ್ರದಲ್ಲಿ ತಮ್ಮನ ಸಹಿ ಬೀಳುತ್ತದೆ. ತಾರೀಖು ಕಳೆದ ತಿಂಗಳದು. ತಮ್ಮ ಸತ್ತು ಹನ್ನೊಂದು ವರ್ಷವಾಗಿದೆ. ಬಾಯಿ ಬಿಟ್ಟರೆ ತಾಯಿ ಜೈಲಿಗೆ ಹೋಗಬಹುದು. ಸುಮ್ಮನಿದ್ದರೆ ಆ ಸುಳ್ಳಿನಲ್ಲಿ ಇವಳೂ ಪಾಲುದಾರಳು." ಯಾರು, ಏನು ಬೇಕು, ಅಡ್ಡಿ ಏನು, ಸೋತರೆ ಏನು ಹೋಗುತ್ತದೆ, ಎಲ್ಲ ಬಂತು ಅಲ್ವಾ? ವರ್ಷಗಳನ್ನು ನಾನು ಊಹೆಯಲ್ಲಿ ಹಾಕಿದ್ದೇನೆ, ನಿಮ್ಮದನ್ನು ಹಾಕಿಕೊಳ್ಳಿ.

ಪತ್ರ ಒಂದು ಪುಟ ಮೀರಬಾರದು, ಸುಮಾರು 300 ಪದ. ಕಾದಂಬರಿಯ ಬಗೆ, ಪದಸಂಖ್ಯೆ, ಈಚಿನ ಮೂರರಿಂದ ಐದು ವರ್ಷದಲ್ಲಿ ಬಂದ ಇದೇ ಜಾತಿಯ ಒಂದೆರಡು ಪುಸ್ತಕದ ಹೆಸರು, ನಿಮ್ಮ ಬಗ್ಗೆ ಎರಡು ಸಾಲು. ಪತ್ರದ ಜೊತೆ ಬೇರೆಯಾಗಿ ಕಳಿಸುವ ಕಥೆಯ ಸಾರಾಂಶದಲ್ಲಿ ಮಾತ್ರ ಕೊನೆಯನ್ನೂ ಬಿಚ್ಚಿ ಹೇಳಬೇಕು. "ಮುಂದೇನಾಯಿತು, ಓದಿ ನೋಡಿ" ಅಂತ ಬಿಡಬೇಡಿ.

ಪ್ರಶ್ನೆ: ನಾನೂ ಕೇಳಬಹುದಾ ಮೇಡಂ? ಏಜೆಂಟರು ಮೊದಲು ಕೇಳುವುದು ಕೆಲವೇ ಪುಟ. ಮೊದಲ ಮೂರು ಅಧ್ಯಾಯಕ್ಕೆ ಮಾತ್ರ ಲೈನ್ ಎಡಿಟಿಂಗ್ (ವಾಕ್ಯ ವಾಕ್ಯವಾಗಿ ಶೈಲಿ ತಿದ್ದುವುದು) ಮಾಡಿಸಿದರೆ ಸಾಲದೇ?

ಉತ್ತರ: ತುಂಬಾ ಜನ ಹೀಗೆ ಮಾಡುತ್ತಾರೆ. ಅಪಾಯ ಏನು ಗೊತ್ತಾ? ಮಾದರಿ ಪುಟ ಇಷ್ಟವಾದರೆ ಏಜೆಂಟರು ಪೂರ್ತಿ ಕಾದಂಬರಿ ಕೇಳುತ್ತಾರೆ. ಮೂರು ಅಧ್ಯಾಯ ಒಂದು ದನಿಯಲ್ಲಿದ್ದು ನಾಲ್ಕನೆಯದು ಬೇರೆಯವರು ಬರೆದ ಹಾಗಿದ್ದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಆ ಎಡಿಟಿಂಗನ್ನು ಪಾಠ ಅಂತ ತೆಗೆದುಕೊಳ್ಳುವುದಾದರೆ ಮಾತ್ರ ಮಾಡಿಸಿ. ಎಡಿಟರ್ "ಅವಳಿಗೆ ಸಿಟ್ಟು ಬಂತು, ಅವಳು ಬಾಗಿಲನ್ನು ಜೋರಾಗಿ ಹಾಕಿದಳು" ಅನ್ನೋದನ್ನು "ಅವಳು ಬಾಗಿಲು ದಡಾರನೆ ಹಾಕಿದಳು" ಅಂತ ಮಾಡಿದ್ದಾರೆ ಅಂದುಕೊಳ್ಳಿ. ಭಾವನೆಯನ್ನು ಮೊದಲು ಹೇಳಿ, ಆಮೇಲೆ ತೋರಿಸುವ ಚಾಳಿ ನಿಮಗಿದೆ ಅಂತ ಅರ್ಥ. ಎಡಿಟರ್ ತಿದ್ದಿದ್ದನ್ನು ಗುರುತು ಮಾಡಿ ತೋರಿಸುವ ಟ್ರ್ಯಾಕ್ ಚೇಂಜಸ್‌ನಲ್ಲಿ ಸುಮ್ನೆ 'ಅಕ್ಸೆಪ್ಟ್ ಆಲ್' ಒತ್ತಬೇಡಿ. ಒಂದೊಂದೇ ನೋಡಿ, ಪದೇ ಪದೇ ಬರುವ ತಿದ್ದುಪಡಿಗಳನ್ನು ಬರೆದಿಟ್ಟುಕೊಳ್ಳಿ, ಉಳಿದ ಅಧ್ಯಾಯಗಳನ್ನು ನಿಮ್ಮ ಕೈಯಾರೆ ತಿದ್ದಿ. ಏಜೆಂಟರು ಹುಡುಕುವುದು ನಿಮ್ಮ ದನಿಯನ್ನು. ಒಪ್ಪಿಕೊಂಡ ಮೇಲೆ "ಇದನ್ನು ತಿದ್ದಿ ಕೊಡಿ" ಅಂತ ಕೇಳುವುದೂ ನಿಮ್ಮನ್ನೇ.

ಪ್ರಶ್ನೆ: ಒಬ್ಬ ಏಜೆಂಟ್ ಹಸ್ತಪ್ರತಿ ನೋಡಿ "ಚೆನ್ನಾಗಿದೆ, ಆದರೆ ಈ ಎಡಿಟಿಂಗ್ ಸಂಸ್ಥೆಯಲ್ಲೇ ಮಾಡಿಸಿಕೊಂಡು ಬನ್ನಿ" ಅಂದಿದ್ದಾರೆ. ನಂಬಬಹುದಾ?

ಉತ್ತರ: ಬೇಡ. ದಯವಿಟ್ಟು ಒಂದು ಪೈಸೆಯನ್ನೂ ಕೊಡಬೇಡಿ. ಏಜೆಂಟರ ಸಂಪಾದನೆ ಪುಸ್ತಕ ಮಾರಾಟದ ಕಮಿಷನ್‌ನಿಂದ ಬರಬೇಕು. ತಮ್ಮ ದೇಶದ ಮಾರಾಟಕ್ಕೆ ಸಾಮಾನ್ಯವಾಗಿ ಶೇಕಡಾ 15, ಹೊರದೇಶ ಮತ್ತು ಅನುವಾದದ ಹಕ್ಕಿಗೆ ಶೇಕಡಾ 20. ಓದುವುದಕ್ಕೇ ಶುಲ್ಕ ಕೇಳುವವರು, ಇಂಥವರಲ್ಲೇ ಎಡಿಟ್ ಮಾಡಿಸಿ ಅನ್ನುವವರು ನಿಮ್ಮ ಪುಸ್ತಕದಿಂದಲ್ಲ, ನಿಮ್ಮಿಂದಲೇ ದುಡ್ಡು ಮಾಡಲು ಕೂತಿದ್ದಾರೆ. 'ರೈಟರ್ ಬಿವೇರ್' ತಾಣದಲ್ಲಿ ಇಂಥ ಮೋಸಗಳ ಬಗ್ಗೆ ಜಾಸ್ತಿ ವಿವರ ಸಿಗುತ್ತದೆ, ಅಲ್ಲಿ ಆ ಹೆಸರು ಹುಡುಕಿ. "ನಮ್ಮಲ್ಲಿ ಎಡಿಟ್ ಮಾಡಿಸಿದರೆ ಏಜೆಂಟ್ ಗ್ಯಾರಂಟಿ" ಅನ್ನುವ ಎಡಿಟರ್‌ಗಳಿಂದಲೂ ದೂರ ಇರಿ. ಆ ಗ್ಯಾರಂಟಿ ಕೊಡುವ ಶಕ್ತಿ ಯಾವ ಎಡಿಟರ್‌ಗೂ ಇಲ್ಲ, ನನಗೂ ಇಲ್ಲ.

ಎಡಿಟರ್ ಬೇಕಾದರೆ ಬ್ರಿಟನ್ನಿನ ಎಡಿಟರ್‌ಗಳ ಸಂಸ್ಥೆ ಸಿಐಇಪಿ, ಅಮೆರಿಕದ ಎಡಿಟೋರಿಯಲ್ ಫ್ರೀಲಾನ್ಸರ್ಸ್ ಅಸೋಸಿಯೇಷನ್, ಎರಡರಲ್ಲೂ ಸದಸ್ಯರ ಪಟ್ಟಿ ಇದೆ. ಕಥೆಯ ನಡುವಿನ ಅದೇ ಐದು ಪುಟವನ್ನು ಇಬ್ಬರು ಮೂವರಿಗೆ ಕೊಟ್ಟು ಮಾದರಿ ಎಡಿಟ್ ಕೇಳಿ. ಮೊದಲ ಪುಟಗಳನ್ನು ನೀವು ನೂರು ಸಲ ತಿದ್ದಿರುತ್ತೀರಿ, ಅಲ್ಲಿ ಎಡಿಟರ್ ಕೈಚಳಕ ಗೊತ್ತಾಗುವುದಿಲ್ಲ.

ಪ್ರಶ್ನೆ: ಮೇಡಂ, ಫಾಂಟ್ ಯಾವುದಿರಬೇಕು? ಎಲ್ಲ ಸರಿಹೋದ ಮೇಲೆ ಎಷ್ಟು ಏಜೆಂಟರಿಗೆ ಒಟ್ಟಿಗೆ ಕಳಿಸಬಹುದು?

ಉತ್ತರ: ಟೈಮ್ಸ್ ನ್ಯೂ ರೋಮನ್, 12 ಪಾಯಿಂಟ್, ಡಬಲ್ ಸ್ಪೇಸ್, ಸುತ್ತ ಒಂದಿಂಚು ಅಂಚು. ಆದರೂ ಆಯಾ ಏಜೆಂಟರ ನಿಯಮ ಓದಿಯೇ ಕಳಿಸಿ. ಕೆಲವರು ಐದು ಪುಟ ಕೇಳುತ್ತಾರೆ, ಬ್ರಿಟನ್ನಿನಲ್ಲಿ ಮೂರು ಅಧ್ಯಾಯ ಕೇಳುವುದು ರೂಢಿ.

ಒಂದು ಸಲಕ್ಕೆ ಆರೆಂಟು ಜನ ಸಾಕು. ಒಮ್ಮೆ ಬೇಡ ಅಂದ ಏಜೆಂಟರು ಅದೇ ಕಾದಂಬರಿಯನ್ನು ಮತ್ತೆ ನೋಡುವುದು ಅಪರೂಪ. ಅದಕ್ಕೇ ಇಡೀ ಪಟ್ಟಿಗೆ ಒಂದೇ ದಿನ ಕಳಿಸಬಾರದು. ಒಬ್ಬರೂ ಪುಟ ಕೇಳದಿದ್ದರೆ ಪತ್ರ ಮತ್ತು ಮೊದಲ ಪುಟಗಳನ್ನು ತಿದ್ದಿ. ಪೂರ್ತಿ ಕೇಳಿ ಆಮೇಲೆ ಬೇಡ ಅಂದರೆ ತೊಂದರೆ ಕಥೆಯೊಳಗಿದೆ, ಮೌಲ್ಯಮಾಪನದ ಪತ್ರವನ್ನು ಇನ್ನೊಮ್ಮೆ ಓದಿ. ಆಮೇಲೆ ಮುಂದಿನ ಆರೆಂಟು ಜನಕ್ಕೆ ಕಳಿಸಿ.