ಅಮೆರಿಕದ ಕಪ್ಪು ಜನರಲ್ಲೇ ಎಚ್‌ಐವಿ ಯಾಕೆ ಹೆಚ್ಚು? ಜೈಲಿಗೂ ಇದಕ್ಕೂ ಏನು ನಂಟು?

ವಾಣಿ_ಮೇರಿಲ್ಯಾಂಡ್:

ಯುಗಾದಿ ಪಾಟ್‌ಲಕ್‌ನಲ್ಲಿ ಎದ್ದ ಪ್ರಶ್ನೆ ಇದು. ಮಗಳು ಕಾಲೇಜಿನಲ್ಲಿ ಪಬ್ಲಿಕ್ ಹೆಲ್ತ್ ಓದುತ್ತಿದ್ದಾಳೆ. ಈ ದೇಶದ ಜನಸಂಖ್ಯೆಯಲ್ಲಿ ಕಪ್ಪು ಜನ ನೂರಕ್ಕೆ 13ರಷ್ಟಿದ್ದರೆ, ಹೊಸದಾಗಿ ಎಚ್‌ಐವಿ ಪತ್ತೆಯಾಗುವವರಲ್ಲಿ ನೂರಕ್ಕೆ ಸುಮಾರು 40 ಮಂದಿ ಅವರೇ ಅಂತ ಹೇಳಿದಳು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಒಬ್ಬಟ್ಟು ಮುರಿಯುತ್ತಾ, "ಡ್ರಗ್ಸ್ ಹಿಂದೆ ಬಿದ್ದರೆ ಇನ್ನೇನಾಗತ್ತಮ್ಮ" ಅಂದರು. ಇವಳು ಕಾನೂನು, ಜೈಲು ಅಂತ ಏನೋ ಹೇಳಹೊರಟಳು. ಅಷ್ಟರಲ್ಲಿ ಪಾಯಸ ಬಂತು, ಮಾತು ಅಲ್ಲಿಗೇ ನಿಂತಿತು.

ಒಬ್ಬರು ಚುಚ್ಚಿಕೊಂಡ ಸೂಜಿಯನ್ನು ಇನ್ನೊಬ್ಬರು ಬಳಸಿದರೆ ಬರುತ್ತದೆ ಅನ್ನೋದು ನನಗೂ ಗೊತ್ತು. ಆದರೆ ಜೈಲು ಎಲ್ಲಿಂದ ಬಂತು? ತಿಳಿದವರು ಬಿಡಿಸಿ ಹೇಳಿ. ಜಗಳ ಬೇಡ.

ತಿಪಟೂರು_ತೆಂಗು:

ವಾಣಿಯವರೇ, ನಾನು ಬಾಲ್ಟಿಮೋರ್ ನಗರದೊಳಗೆ ಫಾರ್ಮಸಿಸ್ಟ್. ಪುಸ್ತಕಕ್ಕಿಂತ ಕೌಂಟರಿನಲ್ಲಿ ಕಂಡದ್ದೇ ಹೆಚ್ಚು, ಹಾಗಾಗಿ ಸ್ವಲ್ಪ ಉದ್ದವಾಗುತ್ತೆ.

ಆ ಹಿರಿಯರ ಮಾತಿಗೆ ಮೊದಲು ಉತ್ತರ. ಇಲ್ಲಿ ಕಪ್ಪು ಜನರೂ ಬಿಳಿಯರೂ ಡ್ರಗ್ಸ್ ಬಳಸುವ ಪ್ರಮಾಣ ಹೆಚ್ಚುಕಮ್ಮಿ ಒಂದೇ. ಸಿಕ್ಕಿಬೀಳುವವರು ಯಾರು ಅನ್ನೋದರಲ್ಲಿ ಇದೆ ವ್ಯತ್ಯಾಸ. ನೀವಿರುವ ಮೇರಿಲ್ಯಾಂಡನ್ನೇ ನೋಡಿ: ರಾಜ್ಯದ ಜನರಲ್ಲಿ ಕಪ್ಪು ಜನ ಮೂರರಲ್ಲಿ ಒಂದು ಪಾಲು ಇರಬಹುದು, ರಾಜ್ಯದ ಜೈಲುಗಳಲ್ಲಿ ಹತ್ತರಲ್ಲಿ ಏಳು ಮಂದಿ ಅವರು.

ಇನ್ನು ಸೂಜಿ. ಡ್ರಗ್ಸ್ ಇರಲಿ, ಬರೀ ಸಿರಿಂಜ್ ಜೇಬಿನಲ್ಲಿದ್ದರೂ ಕೇಸು ಹಾಕುವ ಕಾನೂನುಗಳು 80ರ ದಶಕದ ಹೊತ್ತಿಗೆ ಹೆಚ್ಚಿನ ರಾಜ್ಯಗಳಲ್ಲಿ ಇದ್ದವು. ಪೊಲೀಸರು ಬೀದಿಬೀದಿಯಲ್ಲಿ ತಡೆದು ತಡಕುವ ಏರಿಯಾದಲ್ಲಿ ಯಾರು ತಾನೇ ಸ್ವಂತ ಸಿರಿಂಜ್ ಇಟ್ಟುಕೊಂಡು ಓಡಾಡುತ್ತಾರೆ? ಪಾಳುಮನೆಯಲ್ಲಿ ಯಾರೋ ಬಿಟ್ಟುಹೋದದ್ದನ್ನೋ, ಬಾಡಿಗೆಗೆ ಸಿಕ್ಕಿದ್ದನ್ನೋ ಬಳಸುತ್ತಿದ್ದರು. ವೈರಸ್ ಆ ಮನೆಗಳಲ್ಲೇ ಸುತ್ತು ಹೊಡೆಯಿತು. 1988ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು ಇದೇ ಊರಿನಲ್ಲಿ ಚುಚ್ಚಿಕೊಳ್ಳುವ ಸುಮಾರು 2,900 ಮಂದಿಯನ್ನು ಸೇರಿಸಿಕೊಂಡು ಅಧ್ಯಯನ ಶುರುಮಾಡಿದರು. ಅವರಲ್ಲಿ ಬಹುಪಾಲು ಕಪ್ಪು ಜನ.

ಹೊಸ ಸೂಜಿ ಕೊಟ್ಟು ಹಳೆಯದನ್ನು ವಾಪಸು ತಗೊಂಡರೆ ಸೋಂಕು ಇಳಿಯುತ್ತದೆ ಅನ್ನೋದು ಆಗಲೇ ಗೊತ್ತಾಗತೊಡಗಿತ್ತು. ಅದೇ 1988ರಲ್ಲಿ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಈ ಕೆಲಸಕ್ಕೆ ಕೇಂದ್ರದ ದುಡ್ಡು ಕೊಡಕೂಡದು ಎಂದು ಕಟ್ಟಳೆ ಹಾಕಿತು. ನಮ್ಮ ಊರಿನ ಮೇಯರ್ ಕರ್ಟ್ ಶ್ಮೋಕ್ ಮಾತ್ರ ಇದು ಪೊಲೀಸರ ವಿಷಯವಲ್ಲ, ಆರೋಗ್ಯದ ವಿಷಯ ಅಂತ ಪಟ್ಟು ಹಿಡಿದರು. ಅವರು ಹಿಂದೆ ಪ್ರಾಸಿಕ್ಯೂಟರ್ ಆಗಿದ್ದವರು, ಅದನ್ನು ಮರೀಬೇಡಿ. ರಾಜ್ಯದಿಂದ ವಿಶೇಷ ಕಾನೂನು ಮಾಡಿಸಿ 1994ರಲ್ಲಿ ಸೂಜಿ ವ್ಯಾನ್ ಓಡಿಸಿದರು. ದೇಶದ ರಾಜಧಾನಿ ವಾಷಿಂಗ್‌ಟನ್ ಡಿ.ಸಿ.ಗೆ ಆ ಭಾಗ್ಯವೂ ಇರಲಿಲ್ಲ. ಆ ಊರಿನವರು ತಮ್ಮದೇ ತೆರಿಗೆ ದುಡ್ಡನ್ನೂ ಸೂಜಿಗೆ ಖರ್ಚು ಮಾಡದಂತೆ 1998ರಿಂದ 2007ರವರೆಗೆ ಕಾಂಗ್ರೆಸ್ ಕಟ್ಟಿಹಾಕಿತ್ತು. ಆಗ ಡಿ.ಸಿ.ಯಲ್ಲಿ ಕಪ್ಪು ಜನರದೇ ಬಹುಮತ. ಕಟ್ಟು ಬಿಚ್ಚಿದ ಮೇಲೆ ಬರೀ ಎರಡು ವರ್ಷದಲ್ಲಿ 120 ಹೊಸ ಸೋಂಕು ತಪ್ಪಿತು ಅಂತ ಆಮೇಲೆ ಲೆಕ್ಕ ಹಾಕಿದರು. ಕಟ್ಟಿಹಾಕಿದ್ದ ವರ್ಷಗಳ ಲೆಕ್ಕ ನೀವೇ ಹಾಕಿಕೊಳ್ಳಿ.

ನನ್ನ ಕೌಂಟರಿಗೆ ಬರುತ್ತೇನೆ. ಹಿಂದೆ ಕೆಲಸ ಮಾಡುತ್ತಿದ್ದ ಅಂಗಡಿಯಲ್ಲಿ ಒಬ್ಬ ಕಪ್ಪು ಗಂಡಸು ಇನ್ಸುಲಿನ್ ಸಿರಿಂಜಿನ ಹತ್ತರ ಪೊಟ್ಟಣ ಕೇಳಿದ. ಜೊತೆಯಲ್ಲಿದ್ದ ಫಾರ್ಮಸಿಸ್ಟ್ "ಇನ್ಸುಲಿನ್ ಯಾವುದು, ಎಷ್ಟು ಯೂನಿಟ್ಟು, ಐಡಿ ತೋರಿಸು" ಅಂತ ಶುರುಮಾಡಿದಳು. ಅವನು "ಬೇಡ ಬಿಡಿ" ಅಂತ ಹೊರಟ. ಅದೇ ಮಧ್ಯಾಹ್ನ ಬಿಳಿ ಹುಡುಗನೊಬ್ಬ ಅದೇ ಪೊಟ್ಟಣ ಕೇಳಿದ. "ಬೇರೆ ಏನಾದರೂ ಬೇಕಾ?" ಅಂತ ಕೇಳಿ ಬಿಲ್ ಮಾಡಿದಳು. ಅವಳನ್ನು ಕೇಳಿದ್ದರೆ "ನಾನು ಬಣ್ಣ ನೋಡೋದಿಲ್ಲ" ಅಂತ ಆಣೆ ಮಾಡುತ್ತಿದ್ದಳು, ಅದು ಸುಳ್ಳೂ ಆಗಿರುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಜೈಲಿನ ವಿಷಯ ಇದಕ್ಕಿಂತ ದೊಡ್ಡದು. ಎಚ್‌ಐವಿ ಮಾತ್ರೆ ತಪ್ಪದೆ ನುಂಗಿ, ವೈರಸ್ ಪರೀಕ್ಷೆಯಲ್ಲಿ ಕಾಣದಷ್ಟು ಇಳಿದಿದ್ದರೆ ಸಂಗಾತಿಗೆ ಲೈಂಗಿಕವಾಗಿ ದಾಟುವುದಿಲ್ಲ. ಅಂದರೆ ಮಾತ್ರೆ ನಿಂತರೆ ಅವನೊಬ್ಬನಿಗಲ್ಲ, ಓಣಿಗೇ ಅಪಾಯ. ಜೈಲಿನಿಂದ ಬಿಟ್ಟ ದಿನ ಕೆಲವು ದಿನದ ಮಾತ್ರೆಯನ್ನು ಕವರಿನಲ್ಲಿ ಹಾಕಿ ಕೊಡುತ್ತಾರೆ. ಅದು ಮುಗಿದಾಗ ನಮ್ಮ ಹತ್ತಿರ ಬರುತ್ತಾನೆ. ಮೆಡಿಕೇಡ್ (ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ) ನಂಬರ್ ಹಾಕಿದರೆ ಸ್ಕ್ರೀನಿನಲ್ಲಿ "ಕವರೇಜ್ ಇಲ್ಲ" ಅಂತ ರಿಜೆಕ್ಟ್. ಯಾಕೆ? 1965ರಲ್ಲಿ ಮೆಡಿಕೇಡ್ ಹುಟ್ಟಿದಾಗಿನಿಂದಲೂ ಒಳಗಿರುವವರ ಚಿಕಿತ್ಸೆಗೆ ಅದು ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ, ಎಷ್ಟೋ ರಾಜ್ಯಗಳಲ್ಲಿ ಒಳಗೆ ಹೋದ ಕೂಡಲೇ ಹೆಸರನ್ನೇ ತೆಗೆದುಹಾಕುತ್ತಿದ್ದರು. ಹೊರಗೆ ಬಂದ ಮೇಲೆ ಮೊದಲಿಂದ ಅರ್ಜಿ. ಅದಕ್ಕೆ ವಿಳಾಸ ಬೇಕು, ಐಡಿ ಬೇಕು. ಅವನ ಐಡಿ ಅರೆಸ್ಟ್ ಆದ ರಾತ್ರಿಯೇ ಕಳೆದುಹೋಗಿರುತ್ತೆ. ತಿಂಗಳ ಮಾತ್ರೆಗೆ ಕೈಯಿಂದ ಕೊಡುವುದಾದರೆ ಸಾವಿರಾರು ಡಾಲರ್.

ಇದು ನನ್ನ ಅಂಗಡಿಯ ಕಥೆ ಮಾತ್ರ ಅಲ್ಲ. 2004ರಿಂದ 2007ರ ನಡುವೆ ಟೆಕ್ಸಾಸ್ ಜೈಲುಗಳಿಂದ ಬಿಡುಗಡೆಯಾದ, ಒಳಗೆ ಮಾತ್ರೆ ತಗೊಳ್ಳುತ್ತಿದ್ದ 2,115 ಮಂದಿಯನ್ನು ನೋಡಿದರು. ಕೈಗೆ ಕೊಟ್ಟದ್ದು ಹತ್ತು ದಿನದ್ದು. ಆ ಹತ್ತು ದಿನದೊಳಗೆ ಮುಂದಿನ ಮಾತ್ರೆ ಪಡೆದವರು ನೂರಕ್ಕೆ ಐದು. ಎರಡು ತಿಂಗಳಾದರೂ ನೂರಕ್ಕೆ ಮೂವತ್ತು ದಾಟಲಿಲ್ಲ.

ಡಾ_ಹೊಳೆನರಸೀಪುರ:

ಚೆನ್ನಾಗಿ ಬರೆದಿದ್ದೀರಿ ಸರ್. ಎರಡು ತಕರಾರು. ಒಂದು, ಕಪ್ಪು ಜನರ ಮೇಲೆ ಹೆಚ್ಚು ಕೇಸು ಬಿದ್ದದ್ದು ಕ್ರ್ಯಾಕ್‌ಗೆ, ಅಂದರೆ ಹರಳಾಗಿ ಮಾಡಿದ ಕೊಕೇನ್‌ಗೆ. ಅದನ್ನು ಸೇದುತ್ತಾರೆ, ಹೆಚ್ಚಿನವರು ಚುಚ್ಚಿಕೊಳ್ಳುವುದಿಲ್ಲ. ಎರಡು, ಜೈಲೊಳಗೇ ಸೋಂಕು ಹರಡುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ, ಅದನ್ನು ನೀವು ಎತ್ತಲೇ ಇಲ್ಲ.

ತಿಪಟೂರು_ತೆಂಗು:

ಡಾಕ್ಟರೇ, ಎರಡನೆಯದನ್ನು ಬೇಕೆಂದೇ ಬಿಟ್ಟೆ, ಜನ ತಿಳಿದಷ್ಟು ಅದು ದೊಡ್ಡದಲ್ಲ. ಜಾರ್ಜಿಯಾದ ಜೈಲುಗಳಲ್ಲಿ 1988ರಿಂದ 2005ರವರೆಗೆ ಒಳಗಿದ್ದಾಗ ಸೋಂಕು ತಗುಲಿದ್ದು ಪತ್ತೆಯಾದದ್ದು 88 ಗಂಡಸರಿಗೆ. ಅಲ್ಲಿನ ಎಚ್‌ಐವಿ ಇದ್ದ ಕೈದಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬರುವಾಗಲೇ ತಂದವರು. ಕಾಂಡೋಮ್ ಕೊಡದಿರುವುದು ತಪ್ಪೇ, ಆದರೆ ಹಾನಿ ಹೆಚ್ಚಾಗಿ ಆಗುವುದು ಗೇಟಿನ ಹೊರಗೆ.

ಕ್ರ್ಯಾಕ್ ಬಗ್ಗೆ ನೀವು ಹೇಳಿದ್ದು ಸರಿ, ನನ್ನ ವಾದಕ್ಕೆ ಅದೇ ಕೊಂಡಿ. 1986ರ ಕಾನೂನಿನಲ್ಲಿ ಐದು ಗ್ರಾಂ ಕ್ರ್ಯಾಕ್ ಮಾರಲು ಇಟ್ಟುಕೊಂಡರೆ ಕಡ್ಡಾಯ ಐದು ವರ್ಷ. ಪುಡಿ ಕೊಕೇನ್ ಆದರೆ ಅದೇ ಶಿಕ್ಷೆಗೆ 500 ಗ್ರಾಂ ಬೇಕು. ಕೇಂದ್ರ ಕೋರ್ಟುಗಳಲ್ಲಿ ಕ್ರ್ಯಾಕ್ ಕೇಸಿಗೆ ಶಿಕ್ಷೆಯಾದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಕಪ್ಪು ಜನ. 2010ರಲ್ಲಿ ಆ ನೂರು ಪಟ್ಟನ್ನು ಹದಿನೆಂಟಕ್ಕೆ ಇಳಿಸಿದರು. ಸಮ ಮಾಡಲಿಲ್ಲ, ಗಮನಿಸಿ.

ಒಂದೇ ಓಣಿಯ ಪ್ರಾಯದ ಗಂಡಸರು ಹೀಗೆ ಸಾಲುಸಾಲಾಗಿ ಒಳಗೆ ಹೋದರೆ ಉಳಿದ ಹೆಂಗಸರ ಗತಿ? ಗಂಡಸರು ಕಮ್ಮಿ, ಹೆಂಗಸರು ಹೆಚ್ಚು. "ಕಾಂಡೋಮ್ ಹಾಕು, ಇಲ್ಲವಾದರೆ ನಡಿ" ಅನ್ನುವ ಧೈರ್ಯ ಕುಂದುತ್ತದೆ. ಗಂಡ ಒಳಗಿರುವಾಗ ಬಾಡಿಗೆ ಕಟ್ಟಲು ಇನ್ನೊಬ್ಬನ ಆಸರೆ, ಇವನು ಬಂದ ಮೇಲೆ ಇಬ್ಬರ ನಂಟೂ ಸ್ವಲ್ಪ ಕಾಲ ಒಟ್ಟಿಗೆ. ವೈರಸ್ಸಿಗೆ ಬೇಕಾದದ್ದೇ ಅದು. ಅದರ ಮೇಲೆ, 1996ರ ವೆಲ್‌ಫೇರ್ ಕಾನೂನು ಡ್ರಗ್ಸ್ ಕೇಸಿನಲ್ಲಿ ಶಿಕ್ಷೆಯಾದವರಿಗೆ ಆಹಾರದ ಕೂಪನ್ನು ಜೀವಮಾನಪೂರ್ತಿ ಇಲ್ಲ ಅಂದಿತು. ಕೊಲೆ ಮಾಡಿ ಬಂದವನಿಗೆ ಆ ನಿಷೇಧ ಇರಲಿಲ್ಲ! ಆಮೇಲೆ ಹೆಚ್ಚಿನ ರಾಜ್ಯಗಳು ಅದನ್ನು ಸಡಿಲಿಸಿದವು.

ಹಾಗಾಗಿ ಆ ಹಿರಿಯರಂತೆ ಎಲ್ಲಕ್ಕೂ ಅವರ "ನಡತೆ"ಯೇ ಕಾರಣ ಅನ್ನುವ ಮಾತು ನನಗೆ ಒಪ್ಪಿಗೆಯಾಗದು. ಸಲಿಂಗಿ ಗಂಡಸರ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕಪ್ಪು ಗಂಡಸರು ಬಿಳಿಯರಿಗಿಂತ ಹೆಚ್ಚು ಅಪಾಯದ ನಡತೆಯವರೇನಲ್ಲ, ಡ್ರಗ್ಸ್ ಬಳಕೆ ಕಮ್ಮಿಯೇ ಅಂತ ಕಂಡಿತು. ಸುತ್ತಲಿನವರಲ್ಲಿ ವೈರಸ್ ಆಗಲೇ ಹೆಚ್ಚಿದ್ದಾಗ, ಒಂದೇ ಸಲದ ಎಚ್ಚರಗೇಡಿಗೂ ಅವರು ತೆರಬೇಕಾದ ಬೆಲೆ ಬೇರೆ.

ಇಂಡಿಯಾನಾ_ಗೌಡ:

ಬಿಳಿಯರಿಗೂ ಹೀಗೇ ಆಗಿದೆ ಅಣ್ಣ. ನಮ್ಮ ರಾಜ್ಯದ ಸ್ಕಾಟ್ ಕೌಂಟಿ, ಆಸ್ಟಿನ್ ಅನ್ನೋ ನಾಲ್ಕು ಸಾವಿರ ಚಿಲ್ಲರೆ ಜನರ ಊರು. ನೋವಿನ ಮಾತ್ರೆ ಕರಗಿಸಿ ಚುಚ್ಚಿಕೊಳ್ಳುತ್ತಿದ್ದರು. 2015ರ ನವೆಂಬರ್ ಹೊತ್ತಿಗೆ 181 ಜನಕ್ಕೆ ಎಚ್‌ಐವಿ, ಹೆಚ್ಚುಕಮ್ಮಿ ಎಲ್ಲರೂ ಬಿಳಿಯರು. ಇದರಲ್ಲಿ ಜನಾಂಗ ಎಲ್ಲಿ ಬಂತು?

ತಿಪಟೂರು_ತೆಂಗು:

ಗೌಡ್ರೇ, ಒಳ್ಳೇ ಉದಾಹರಣೆ ಕೊಟ್ಟಿರಿ. ಸೂಜಿ ಸಿಗದಂತೆ ಮಾಡಿದರೆ ಯಾವ ಬಣ್ಣದವರಿಗೂ ಹೀಗೇ ಆಗುತ್ತೆ ಅನ್ನೋದಕ್ಕೆ ಸಾಕ್ಷಿ ಅದು. ಆದರೆ ಆಮೇಲೆ ಏನಾಯಿತು? ಸೂಜಿ ವಿನಿಮಯವನ್ನು ವಿರೋಧಿಸುತ್ತಿದ್ದ ಗವರ್ನರ್ ಮೈಕ್ ಪೆನ್ಸ್ ಅದೇ ವರ್ಷದ ಮಾರ್ಚ್‌ನಲ್ಲಿ ತುರ್ತುಸ್ಥಿತಿ ಘೋಷಿಸಿ ತಾವೇ ಒಪ್ಪಿಗೆ ಕೊಟ್ಟರು, ಏಪ್ರಿಲ್‌ನಲ್ಲಿ ಸೂಜಿ ಹಂಚಿಕೆ ಶುರುವಾಯಿತು. ವರ್ಷದ ಕೊನೆಗೆ ಕಾಂಗ್ರೆಸ್ ಕೂಡ ಸಡಿಲಿಸಿತು: ಸಿಬ್ಬಂದಿಗೆ, ವ್ಯಾನಿಗೆ ಕೇಂದ್ರದ ದುಡ್ಡು ಬಳಸಬಹುದು, ಸೂಜಿಗೆ ಮಾತ್ರ ಈಗಲೂ ಇಲ್ಲ. ಡಿ.ಸಿ.ಯವರು ಒಂಬತ್ತು ವರ್ಷ ಬೇಡಿದ್ದು ನಿಮ್ಮಲ್ಲಿ ವಾರಗಳಲ್ಲಿ ಆಯಿತು. ಜನಾಂಗ ಬಂದದ್ದು ಅಲ್ಲಿ. ಸೋಂಕು ಇಳಿದ ಮೇಲೆ, 2021ರಲ್ಲಿ, ಸ್ಕಾಟ್ ಕೌಂಟಿಯ ಕಮಿಷನರ್‌ಗಳು ಆ ಸೂಜಿ ಹಂಚಿಕೆಯನ್ನು ನಿಲ್ಲಿಸಲು ವೋಟು ಹಾಕಿದರು ಅನ್ನೋದೂ ನಿಮಗೆ ಗೊತ್ತಿರುತ್ತೆ.

ವಾಣಿ_ಮೇರಿಲ್ಯಾಂಡ್:

ಎಲ್ಲರಿಗೂ ಥ್ಯಾಂಕ್ಸ್. ಮಗಳದು ಒಂದೇ ಪ್ರಶ್ನೆ: ಆ ಮೆಡಿಕೇಡ್ ರಿಜೆಕ್ಟ್ ಆಗುವುದು ಈಗಲೂ ಹಾಗೇ ಇದೆಯಾ?

ತಿಪಟೂರು_ತೆಂಗು:

ಸ್ವಲ್ಪ ಬದಲಾಗುತ್ತಿದೆ. ಬಿಡುಗಡೆಗೆ 90 ದಿನ ಮುಂಚಿನಿಂದಲೇ ಮೆಡಿಕೇಡ್ ಕೊಡಲು 2023ರ ಜನವರಿಯಲ್ಲಿ ಮೊದಲಿಗೆ ಕ್ಯಾಲಿಫೋರ್ನಿಯಾಕ್ಕೆ ಅನುಮತಿ ಸಿಕ್ಕಿತು, ಆಮೇಲೆ ಬೇರೆ ರಾಜ್ಯಗಳೂ ಸಾಲು ಹಿಡಿದವು. ಮಗಳಿಗೆ ಪ್ರಾಜೆಕ್ಟ್ ಬೇಕಿದ್ದರೆ ಇದನ್ನೇ ಹಿಡಿಯಲಿ: ಬಿಡುಗಡೆಯಾದವನಿಗೆ ಎಷ್ಟು ದಿನದ ಮಾತ್ರೆ ಕೊಟ್ಟರು, ಎಷ್ಟನೇ ದಿನ ಕಾರ್ಡ್ ಚಾಲೂ ಆಯಿತು. ಆ ಎರಡು ಅಂಕಿ ಕೌಂಟಿ ಕೌಂಟಿಗೂ ಕೇಳಿ ನೋಡಲಿ. ರಾಜ್ಯದ ಆರೋಗ್ಯ ಇಲಾಖೆಗೆ ಮಾಹಿತಿ ಕೋರಿ ಅರ್ಜಿ ಹಾಕಬಹುದು, ಅದರ ಫಾರಂ ತುಂಬೋದು ನಾನು ಹೇಳಿಕೊಡುತ್ತೇನೆ.