ಪೈಕೊ ಡಬ್ಲ್ಯೂ: ಕೋಡ್ ಓಡುತ್ತೆ, ಬೋರ್ಡ್ ಮೇಲಿನ ಎಲ್‌ಇಡಿ ಹತ್ತಲ್ಲ

ಪ್ರಶ್ನೆ (ಹಾಸನ):
ಸಕಲೇಶಪುರದ ಕಡೆ ಕಾಫಿ ತೋಟದ ಪಂಪ್‌ಹೌಸ್‌ಗೆ ಪೈಕೊ ಡಬ್ಲ್ಯೂ (ವೈಫೈ ಇರೋ ಪುಟ್ಟ ಕಂಟ್ರೋಲರ್ ಬೋರ್ಡ್) ಹಾಕ್ತಿದೀನಿ. ಭಾಷೆ ಮೈಕ್ರೋಪೈಥಾನ್, ಕೋಡ್ ಬರೆಯೋಕೆ ಥಾನಿ ಸಾಫ್ಟ್‌ವೇರ್. ವೈಫೈ ಸಿಕ್ಕಿದ್ದು ಬೋರ್ಡ್ ಎಲ್‌ಇಡಿಯಲ್ಲೇ ಗೊತ್ತಾಗಬೇಕು. ಹಳೆ ಪೈಕೊದ ಜಿಪಿ25 ಪಿನ್ ಬ್ಲಿಂಕ್ ಕೋಡ್ ಹಾಕಿದೆ. ಎರರ್ ಇಲ್ಲ, ಪ್ರಿಂಟ್ ಬರ್ತಿದೆ, ಎಲ್‌ಇಡಿ ಹತ್ತಲ್ಲ. ಬೋರ್ಡ್ ಕೆಟ್ಟಿದೆಯಾ ಸರ್?

ಉತ್ತರ (ಚಿಕ್ಕಮಗಳೂರು):
ಬೋರ್ಡ್ ಸರಿಯಾಗೇ ಇದೆ. ಮಾಮೂಲಿ ಪೈಕೊದಲ್ಲಿ ಎಲ್‌ಇಡಿ ಇರೋದು ಮುಖ್ಯ ಚಿಪ್ ಆರ್‌ಪಿ2040ರ ಜಿಪಿ25 ಪಿನ್‌ಗೆ. ಡಬ್ಲ್ಯೂದಲ್ಲಿ ಅದು ವೈಫೈ ಚಿಪ್ ಸಿವೈಡಬ್ಲ್ಯೂ43439ರ ಪಿನ್‌ಗೆ ಹೋಗಿದೆ. 25 ಈಗ ಆ ಚಿಪ್‌ನ ಎಸ್‌ಪಿಐ ಚಿಪ್-ಸೆಲೆಕ್ಟ್, ಅಂದರೆ ಮುಖ್ಯ ಚಿಪ್ ಅದರ ಜೊತೆ ಮಾತಾಡೋಕೆ ಬಳಸೋ ಪಿನ್. ಅದನ್ನು ಔಟ್‌ಪುಟ್ ಮಾಡಿ ಆಡಿಸಿದರೆ ವೈಫೈಗೇ ಪೆಟ್ಟು, ಆ ಸಾಲು ಮೊದಲು ತೆಗೀರಿ. ಪಿನ್ ಬ್ರಾಕೆಟ್‌ನಲ್ಲಿ 25ರ ಬದಲು ಕೋಟ್ಸ್ ಒಳಗೆ ಎಲ್‌ಇಡಿ ಅಂತ ಮೂರೂ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರ ಹಾಕಿ. ಎಲ್‌ಇಡಿ ಹತ್ತೋಕೆ ವೈಫೈ ಕನೆಕ್ಟ್ ಆಗಿರಲೇಬೇಕು ಅಂತಿಲ್ಲ.

ಉತ್ತರ (ಬೇಲೂರು):
ಹಾಗೆ ಬರೆದರೂ ಹತ್ತದಿದ್ದರೆ ಫರ್ಮ್‌ವೇರ್ (ಬೋರ್ಡ್‌ಗೆ ಹಾಕಿರೋ ಮೈಕ್ರೋಪೈಥಾನ್) ನೋಡಿ. ಮಾಮೂಲಿ ಪೈಕೊದ ಯುಎಫ್2 (ಫರ್ಮ್‌ವೇರ್ ಫೈಲ್) ಹಾಕಿದ್ದರೆ ಅದೇ ಹೆಸರು ಮತ್ತೆ 25ಕ್ಕೇ ಹೋಗುತ್ತೆ, ಎರರೂ ಬರಲ್ಲ. ಥಾನಿಯ ಶೆಲ್‌ನಲ್ಲಿ ನೆಟ್‌ವರ್ಕ್ ಮಾಡ್ಯೂಲ್ ಇಂಪೋರ್ಟ್ ಮಾಡಿ. ಇಂಪೋರ್ಟ್ ಎರರ್ ಬಂದರೆ ಫೈಲ್ ತಪ್ಪು. ಬೋರ್ಡ್ ಮೇಲಿನ ಬೂಟ್‌ಸೆಲ್ ಬಟನ್ ಒತ್ತಿ ಹಿಡಿದು ಯುಎಸ್‌ಬಿ ಚುಚ್ಚಿ, ಡ್ರೈವ್ ಕಾಣಿಸಿದ ಮೇಲೆ ಡಬ್ಲ್ಯೂದೇ ಯುಎಫ್2 ಕಾಪಿ ಮಾಡಿ. ಡ್ರೈವೇ ಬರದಿದ್ದರೆ ಹೆಚ್ಚಾಗಿ ಕೇಬಲ್ ಬರೀ ಚಾರ್ಜಿಂಗ್‌ದು.

ಪ್ರಶ್ನೆ ಕೇಳಿದವರು:
ಫೈಲೇ ತಪ್ಪಿತ್ತು, ಈಗ ಮಿನುಗ್ತಿದೆ. ಥ್ಯಾಂಕ್ಸ್ ಸರ್. ವೈಫೈ ಹುಡುಕುವಾಗ ನಿಧಾನಕ್ಕೆ ಹೊತ್ತಿ ಆರೋ ಹಾಗೆ ಮಾಡಬಹುದಾ?

ಉತ್ತರ (ಚಿಕ್ಕಮಗಳೂರು):
ಈ ಎಲ್‌ಇಡಿಯಲ್ಲಿ ಆಗಲ್ಲ. ಬೆಳಕು ಹೆಚ್ಚು ಕಡಿಮೆ ಮಾಡೋ ಪಿಡಬ್ಲ್ಯೂಎಂ ಇರೋದು ಆರ್‌ಪಿ2040ರ ಸ್ವಂತ ಪಿನ್‌ಗಳಿಗೆ ಮಾತ್ರ. ಬೇಕೇ ಬೇಕಂದರೆ ಜಿಪಿ15ರಿಂದ 330 ಓಮ್ ರೆಸಿಸ್ಟರ್, ಅಲ್ಲಿಂದ ಕೆಂಪು ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲು ಗ್ರೌಂಡ್‌ಗೆ. ಸುಮಾರು 4 ಮಿಲಿಆಂಪ್ ಎಳೆಯುತ್ತೆ, ಪಿನ್‌ಗೆ ಭಾರವಲ್ಲ. ಪಿಡಬ್ಲ್ಯೂಎಂ ಫ್ರೀಕ್ವೆನ್ಸಿ 1000, ಡ್ಯೂಟಿ (ಬೆಳಕಿನ ಮಟ್ಟ) 0ಯಿಂದ 65535. ಪಂಪ್‌ಹೌಸ್ ಬಾಗಿಲಲ್ಲಿ ನಿಂತು ನೋಡೋರಿಗೆ ಇದೇ ವಾಸಿ, ಡಬ್ಬಿಯ ಹೊರಗೆ ಕೂರಿಸಬಹುದು.

ಉತ್ತರ (ಬೇಲೂರು):
ತೋಟದಲ್ಲಿ ಕರೆಂಟ್ ಹೋಗಿ ಬರೋದು ಇದ್ದದ್ದೇ. ಕೋಡನ್ನು ಮೇನ್ ಡಾಟ್ ಪಿವೈ ಹೆಸರಲ್ಲಿ ಪೈಕೊ ಒಳಗೇ ಸೇವ್ ಮಾಡಿ, ಲ್ಯಾಪ್‌ಟಾಪ್‌ನಲ್ಲಿದ್ದರೆ ಅಡಾಪ್ಟರ್‌ಗೆ ಹಾಕಿದಾಗ ಓಡಲ್ಲ. ಕರೆಂಟ್ ಬಂದಾಗ ರೌಟರ್‌ಗಿಂತ ಪೈಕೊ ಮೊದಲು ಏಳುತ್ತೆ. ಒಂದೇ ಸಲ ಕನೆಕ್ಟ್ ಕೇಳಿ ಬಿಟ್ಟರೆ ವೈಫೈ ಇಲ್ಲದೇ ಉಳಿಯುತ್ತೆ. 20 ಸೆಕೆಂಡ್ ಕಾದು ಮತ್ತೆ ಕನೆಕ್ಟ್ ಕರೆಯೋ ಲೂಪ್ ಇರಲಿ.