ಬಾಂಬ್ ನಿಷ್ಕ್ರಿಯ ದಳಕ್ಕೆ ಹೆಸರು ಕೊಡಲಾ? ಒಳಗಿನ ಕೆಲಸ ಗೊತ್ತಿರುವವರು ಹೇಳಿ

ಹಾಸನದ ಎಪಿಸಿ:
ಎಲ್ಲರಿಗೂ ನಮಸ್ಕಾರ. ನಾನು ಡಿಎಆರ್‌ನಲ್ಲಿ, ಅಂದರೆ ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್ ಪಡೆಯಲ್ಲಿ, ಎಪಿಸಿ (ಸಶಸ್ತ್ರ ಪೊಲೀಸ್ ಕಾನ್‌ಸ್ಟೆಬಲ್). ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಇಲಾಖೆಗೆ ಬಂದವನು. ಇಲ್ಲಿವರೆಗೆ ಗಾರ್ಡ್ ಡ್ಯೂಟಿ, ಎಸ್ಕಾರ್ಟ್, ಬಂದೋಬಸ್ತ್, ಇಷ್ಟೇ. ಮೊನ್ನೆ ರೋಲ್ ಕಾಲ್‌ನಲ್ಲಿ ನಮ್ಮ ಆರ್‌ಪಿಐ (ಮೀಸಲು ಪೊಲೀಸ್ ಇನ್‌ಸ್ಪೆಕ್ಟರ್) ಸಾಹೇಬರು "ಬಾಂಬ್ ನಿಷ್ಕ್ರಿಯ ದಳಕ್ಕೆ ಹೋಗುವ ಮನಸ್ಸಿರುವವರು ಹೆಸರು ಕೊಡಿ" ಅಂದರು. ನನಗೆ ಆಸೆ ಇದೆ. ಮನೆಯಲ್ಲಿ ಹೇಳಿದ ದಿನದಿಂದ ಹೆಂಡತಿ ಸರಿಯಾಗಿ ಮಾತಾಡುತ್ತಿಲ್ಲ. ಮಗಳು ಇನ್ನೂ ಚಿಕ್ಕವಳು. ನಿಜವಾಗಿ ದಿನಾ ಏನು ಕೆಲಸ ಇರುತ್ತೆ? ವೈರ್ ಕತ್ತರಿಸುವುದನ್ನು ಕಲಿಸುತ್ತಾರಾ? ಅಪಾಯ ಎಷ್ಟು? ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ.

ನಿವೃತ್ತ ಎಆರ್‌ಎಸ್‌ಐ, ಬೆಂಗಳೂರು:
ತಮ್ಮಾ, ನಾನು ಎಆರ್‌ಎಸ್‌ಐ, ಅಂದರೆ ಸಶಸ್ತ್ರ ಮೀಸಲು ಪಡೆಯ ಸಹಾಯಕ ಸಬ್ ಇನ್‌ಸ್ಪೆಕ್ಟರ್ ಆಗಿದ್ದವನು. ಸರ್ವಿಸ್‌ನ ಬಹುಪಾಲು ಇದೇ ದಳದಲ್ಲಿ ಕಳೆದೆ. ಹೋದ ವರ್ಷ ರಿಟೈರ್ ಆದೆ.

ಮೊದಲು ವೈರ್ ವಿಷಯ ಮುಗಿಸೋಣ. ಕೆಂಪೋ ನೀಲಿಯೋ ಅಂತ ಬೆವರು ಒರೆಸಿಕೊಂಡು ಕತ್ತರಿಸುವುದೆಲ್ಲ ಸಿನಿಮಾ. ವಸ್ತುವಿನ ಹತ್ತಿರ ಕೈ ಹೋಗದ ಹಾಗೆ ಕೆಲಸ ಮುಗಿಸುವುದನ್ನೇ ನಮಗೆ ಕಲಿಸುವುದು. ಕೊಕ್ಕೆ ಹಾಕಿ, ಉದ್ದ ಹಗ್ಗ ಬಿಟ್ಟು, ಮರೆಯಲ್ಲಿ ನಿಂತು ದೂರದಿಂದ ಎಳೆಯುತ್ತೇವೆ. ಎಕ್ಸ್‌ರೇ ತೆಗೆದು ಒಳಗೆ ಏನಿದೆ ನೋಡುತ್ತೇವೆ. ಡಿಸ್ರಪ್ಟರ್ ಅಂತ ಒಂದು ಸಾಧನ ಇದೆ. ಅದು ನೀರನ್ನು ಭಾರಿ ವೇಗದಲ್ಲಿ ಹೊಡೆದು, ಸರ್ಕ್ಯೂಟ್ ಕೆಲಸ ಮಾಡುವ ಮೊದಲೇ ಎಲ್ಲ ಚದುರಿಸಿಬಿಡುತ್ತದೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರು ಮಾಡಿದ ದಕ್ಷ್ ರೋಬಾಟ್ ಇರುವುದೂ ಮನುಷ್ಯ ದೂರ ಇರಲಿ ಅಂತಲೇ. ಇದು ಯಾವುದೂ ಆಗದಿದ್ದಾಗ ಮಾತ್ರ ಮೈ ಕಾಯುವ ಬಾಂಬ್ ಸೂಟ್ ಹಾಕಿಕೊಂಡು ಒಬ್ಬ ಹೋಗುತ್ತಾನೆ. ಒಬ್ಬನೇ. ಜೊತೆಗೆ ಇನ್ನೊಬ್ಬ ಹೋದರೆ ನಷ್ಟ ಎರಡಾಗುತ್ತದೆ, ಲಾಭ ಏನೂ ಇಲ್ಲ.

ಸೂಟ್ ಅಂದೆನಲ್ಲ, ಅದು 35 ಕೆ.ಜಿ.ಗೂ ಜಾಸ್ತಿ ತೂಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಹಾಕಿದರೆ ಕೆಲವೇ ನಿಮಿಷಕ್ಕೆ ಒಳಗಿನ ಬನಿಯನ್ ಹಿಂಡಿದರೆ ನೀರು ಬರುತ್ತದೆ. ಬಗ್ಗುವುದು ಕಷ್ಟ, ಹೆಲ್ಮೆಟ್ ಒಳಗೆ ನಿಮ್ಮ ಉಸಿರೇ ಜೋರಾಗಿ ಕೇಳಿಸುತ್ತದೆ. ಚೂರುಗಳು ಹಾರಿ ಬಂದರೆ ತಡೆಯುತ್ತದೆ, ನಿಜ. ಆದರೆ ದೊಡ್ಡ ಬಾಂಬ್ ಮೇಲೆ ನಿಂತಿದ್ದರೆ ಯಾವ ಸೂಟೂ ಉಳಿಸುವುದಿಲ್ಲ. ಇದನ್ನು ನಿಮ್ಮ ಹೆಂಡತಿಗೂ ಮುಚ್ಚಿಡಬೇಡಿ.

ಈಗ ದಿನದ ಕೆಲಸ. ನೂರಕ್ಕೆ ತೊಂಬತ್ತು ಪಾಲು ಎಎಸ್‌ಸಿ, ಅಂದರೆ ವಿಧ್ವಂಸಕ ಕೃತ್ಯ ತಡೆ ತಪಾಸಣೆ. ಮುಖ್ಯಮಂತ್ರಿ ಬರುವ ವೇದಿಕೆ, ಆಗಸ್ಟ್ 15ಕ್ಕೆ ಮಾಣೆಕ್‌ಷಾ ಪರೇಡ್ ಮೈದಾನ, ಮೈಸೂರು ದಸರಾ, ಕೋರ್ಟು. ಬೆಳಗಿನ ಜಾವ ಎದ್ದು ವೇದಿಕೆ ಕೆಳಗೆ ತೆವಳಬೇಕು. ಹೂವಿನ ಕುಂಡ, ಸ್ಪೀಕರ್ ಬಾಕ್ಸ್, ಸೋಫಾ ಅಡಿ, ಶೌಚಾಲಯದ ಫ್ಲಶ್ ಟ್ಯಾಂಕ್, ಎಲ್ಲ ನೋಡಬೇಕು. ಏನೂ ಸಿಗುವುದಿಲ್ಲ. ಮಾರನೆ ದಿನ ಮತ್ತೆ ಅದೇ. ನನ್ನ ಪ್ರಕಾರ ಈ ಕೆಲಸದ ನಿಜವಾದ ಕಷ್ಟ ಇಲ್ಲಿದೆ. ಸೂಟ್ ಹಾಕಿ ನಡೆಯುವಾಗ ಎಲ್ಲರಿಗೂ ಎಚ್ಚರ ತಾನಾಗಿ ಬರುತ್ತದೆ. ಸಾವಿರ ಸಲ ಖಾಲಿ ಕುರ್ಚಿ ಬಗ್ಗಿ ನೋಡಿದವನು ಮುಂದಿನ ಕುರ್ಚಿಯನ್ನೂ ಅಷ್ಟೇ ಶ್ರದ್ಧೆಯಿಂದ ನೋಡುತ್ತಾನಾ? ಹೆಸರು ಕೊಡುವ ಮೊದಲು ಅದನ್ನು ನಿಮ್ಮನ್ನೇ ಕೇಳಿಕೊಳ್ಳಿ.

2023ರ ಡಿಸೆಂಬರ್ 1 ನೆನಪಿದೆ ಅಲ್ವಾ? ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಇ-ಮೇಲ್ ಬೆದರಿಕೆ ಬಂದ ದಿನ. ನಮ್ಮ ತಂಡ ಒಂದು ಶಾಲೆ ಮುಗಿಸಿ ಇನ್ನೊಂದಕ್ಕೆ ಓಡುತ್ತಿತ್ತು. ಮಕ್ಕಳನ್ನು ಅವಸರದಲ್ಲಿ ಹೊರಗೆ ಕಳಿಸಿದ್ದರು, ಬ್ಯಾಗ್‌ಗಳೆಲ್ಲ ಡೆಸ್ಕ್ ಮೇಲೇ ಇದ್ದವು. ವಾರಸುದಾರರಿಲ್ಲದ ಬ್ಯಾಗೇ ಅನುಮಾನದ ವಸ್ತು ಅಂತ ನಾವು ಕಲಿತಿರುವುದು. ಅಲ್ಲಿ ತರಗತಿ ತುಂಬ ಅಂಥವೇ! ಒಂದೊಂದಾಗಿ ನೋಡಿದೆವು. ಗೇಟಿನ ಹೊರಗೆ ಒಬ್ಬ ತಾಯಿ "ನನ್ನ ಮಗ ಎಲ್ಲಿ" ಅಂತ ನನ್ನ ತೋಳು ಹಿಡಿದು ಅಳುತ್ತಿದ್ದರು. ಕೊನೆಗೆ ಎಲ್ಲ ಹುಸಿ. ಹುಸಿ ಅಂತ ಗೊತ್ತಾಗುವುದು ಹುಡುಕಿ ಮುಗಿಸಿದ ಮೇಲೆಯೇ. ಇಂಥ ಇ-ಮೇಲ್ ಕಳಿಸುವವರ ಮೇಲೆ ನನಗೆ ಈಗಲೂ ಕೋಪ ಇಳಿದಿಲ್ಲ.

ನಿಜವಾದದ್ದೂ ಬರುತ್ತದೆ. 2020ರ ಜನವರಿ 20, ಮಂಗಳೂರು ವಿಮಾನ ನಿಲ್ದಾಣ. ಬೆಳಗ್ಗೆ ಸಿಕ್ಕಿದ ಬ್ಯಾಗನ್ನು ಸ್ಫೋಟ ತಡೆಯುವ ವಾಹನದಲ್ಲಿಟ್ಟು ಕೆಂಜಾರು ಮೈದಾನಕ್ಕೆ ಒಯ್ದರು. ಮರಳು ಚೀಲ ಪೇರಿಸಿ, ಸಂಜೆ ಅಲ್ಲೇ ಸ್ಫೋಟಿಸಿದರು. ಇಡೀ ಹಗಲು ಹಿಡಿಯಿತು. ಟಿವಿಯಲ್ಲಿ "ಯಾಕಿಷ್ಟು ತಡ" ಅಂತ ಕೇಳುತ್ತಿದ್ದರು. ನನಗೆ ಆ ತಡ ನೋಡಿಯೇ ಸಮಾಧಾನ ಆಯಿತು. ಯಾರಿಗೂ ಒಂದು ಗಾಯ ಇಲ್ಲ.

ಇನ್ನೊಂದು ಹೇಳಲೇಬೇಕು. ಲೆಫ್ಟಿನೆಂಟ್ ಕರ್ನಲ್ ನಿರಂಜನ್, ಬೆಂಗಳೂರಲ್ಲೇ ಬೆಳೆದವರು, ಎನ್‌ಎಸ್‌ಜಿಯ (ರಾಷ್ಟ್ರೀಯ ಭದ್ರತಾ ಪಡೆ) ಬಾಂಬ್ ತಜ್ಞರು. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯಲ್ಲಿ ಸತ್ತ ಉಗ್ರನ ದೇಹ ತೆರವು ಮಾಡುವಾಗ ಗ್ರೆನೇಡ್ ಸಿಡಿದು ಹುತಾತ್ಮರಾದರು. ಅಷ್ಟು ತರಬೇತಿ ಪಡೆದವರಿಗೇ ಹಾಗಾಯಿತು. ಅದಕ್ಕೇ ಒಂದು ಸ್ಫೋಟಕ ಸಿಕ್ಕಿತು ಅಂದರೆ ಪಕ್ಕದಲ್ಲಿ ಎರಡನೆಯದು ಇದೆ ಅಂತಲೇ ತಿಳಿಯಬೇಕು.

ಶ್ವಾನ ದಳದ ಗೆಳೆಯ:
ಸಾಹೇಬರು ಹೇಳಿದ್ದು ಸರಿ. ನಾನು ಹ್ಯಾಂಡ್ಲರ್, ಆಡುಗೋಡಿಯಲ್ಲಿ ತರಬೇತಿ ಆದವನು. ನಮ್ಮ ಲ್ಯಾಬ್ರಡಾರ್ ವಾಸನೆ ಹಿಡಿದರೆ ಬೊಗಳುವುದಿಲ್ಲ, ಕೆರೆಯುವುದಿಲ್ಲ, ಸುಮ್ನೆ ಕೂತುಬಿಡುತ್ತದೆ. ಹಾಗೇ ಕಲಿಸಿರುತ್ತೇವೆ, ಯಾಕೆಂದರೆ ಕೆರೆದರೆ ವಸ್ತು ಅಲುಗಾಡುತ್ತದೆ. ನಾಯಿಗೆ ದಣಿವಾದರೆ ಮೂಗು ಕೆಲಸ ಮಾಡುವುದಿಲ್ಲ, ನಡುನಡುವೆ ಬಿಡುವು ಕೊಡಲೇಬೇಕು. "ಬೇಗ ಬೇಗ, ಸಾಹೇಬರು ಬರುವ ಹೊತ್ತಾಯಿತು" ಅಂತ ಅವಸರ ಮಾಡುವವರು ಇದ್ದೇ ಇರುತ್ತಾರೆ. ನೀವು ದಳಕ್ಕೆ ಬಂದರೆ ದಯವಿಟ್ಟು ನಾಯಿ ಪರ ನಿಲ್ಲಿ.

ಹಾಸನದ ಎಪಿಸಿ:
ಸರ್, ತುಂಬ ಧನ್ಯವಾದ. ನಮ್ಮ ಕಡೆ ಕಲ್ಲು ಕ್ವಾರಿ ಜಾಸ್ತಿ. ಬಂಡೆ ಸಿಡಿಸುವ ಜಿಲೆಟಿನ್ ಕಡ್ಡಿ ಸಿಕ್ಕಿದಾಗಲೂ ದಳದವರೇ ಹೋಗಬೇಕಾ?

ನಿವೃತ್ತ ಎಆರ್‌ಎಸ್‌ಐ, ಬೆಂಗಳೂರು:
ಹೌದು, ಕರೆಯುತ್ತಾರೆ. ಜಿಲ್ಲೆಯಲ್ಲಿ ಇದ್ದರೆ ನಿಮಗೆ ಟೈಂ ಬಾಂಬ್‌ಗಿಂತ ಇದೇ ಎದುರಾಗುವುದು. 2021ರಲ್ಲಿ ಜನವರಿಗೆ ಶಿವಮೊಗ್ಗದ ಹುಣಸೋಡು, ಫೆಬ್ರವರಿಗೆ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ, ಎರಡೂ ಕಡೆ ಸ್ಫೋಟ ಆಯಿತು. ಹಿರೇನಾಗವಲ್ಲಿಯಲ್ಲಿ 6 ಜನ ಸತ್ತರು. ಅವು ಉಗ್ರರ ಬಾಂಬ್ ಅಲ್ಲ, ಕ್ವಾರಿಯ ಸ್ಫೋಟಕ. ಜಿಲೆಟಿನ್ ಕಡ್ಡಿಗಿಂತ ಅದರ ಜೊತೆಗಿರುವ, ಅದನ್ನು ಸಿಡಿಸುವ ಡಿಟೊನೇಟರ್ ತುಂಬ ಸೂಕ್ಷ್ಮ. ಬಿಸಿ, ಪೆಟ್ಟು, ಸ್ಥಿರ ವಿದ್ಯುತ್, ಯಾವುದಕ್ಕೂ ಸಿಡಿಯಬಹುದು. ಹಳ್ಳಿಯಲ್ಲಿ ಜನ "ಸಾರ್, ಇಲ್ಲಿದೆ ನೋಡಿ" ಅಂತ ಕೈಯಲ್ಲೇ ಹಿಡಿದು ತಂದು ಕೊಡುತ್ತಾರೆ. ಗದರಬೇಡಿ, ಗಾಬರಿಯಲ್ಲಿ ಅದನ್ನು ಕೈಯಿಂದ ಬೀಳಿಸಿಬಿಡುತ್ತಾರೆ. ಮೆಲ್ಲಗೆ ನೆಲಕ್ಕಿಡಿಸಿ ದೂರ ಕರೆದುಕೊಂಡು ಬನ್ನಿ. ಸಿಕ್ಕಿದ್ದನ್ನು ಠಾಣೆಯ ಮಾಲುಖಾನೆಯಲ್ಲಿ (ಜಪ್ತಿ ಮಾಡಿದ ವಸ್ತು ಇಡುವ ಕೋಣೆ) ತುಂಬಿಡಲು ಯಾರಾದರೂ ಹೇಳಿದರೆ, ಎಷ್ಟೇ ದೊಡ್ಡ ಅಧಿಕಾರಿ ಇರಲಿ, ಆಗುವುದಿಲ್ಲ ಅಂತ ಹೇಳುವ ಧೈರ್ಯ ಇರಬೇಕು.

ದಳದವರ ಮನೆಯಾಕೆ:
ತಮ್ಮಾ, ನಮ್ಮ ಯಜಮಾನರು ಇದೇ ದಳದಲ್ಲಿದ್ದಾರೆ. ಇದನ್ನು ನಿಮ್ಮ ಹೆಂಡತಿಗೆ ಓದಿಸಿ. ಮೊದಲ ವರ್ಷ ನಾನು ಟಿವಿ ಹಾಕುತ್ತಿರಲಿಲ್ಲ. ಆಮೇಲೆ ನಮ್ಮಲ್ಲಿ ಒಂದು ಒಪ್ಪಂದ ಆಯಿತು. ಕರೆ ಬಂದರೆ ಹೋಗುವಾಗ ಹೇಳಿ ಹೋಗಬೇಕು, ಮುಗಿದ ತಕ್ಷಣ ಒಂದು ಮಿಸ್ಡ್ ಕಾಲ್. ಸ್ಥಳದಲ್ಲಿ ಮೊಬೈಲ್ ಆಫ್ ಇರುತ್ತದೆ, ಹಾಗಾಗಿ ನಡುವೆ ನಾನು ಫೋನ್ ಮಾಡುವುದಿಲ್ಲ. ಅದನ್ನು ಮೊದಲೇ ಹೇಳಿರದಿದ್ದರೆ "ಸ್ವಿಚ್ ಆಫ್" ಅಂತ ಕೇಳಿದಾಗ ನನ್ನ ಗತಿ ಏನಾಗುತ್ತಿತ್ತು? ಅವರೂ ಸುಳ್ಳು ಧೈರ್ಯ ಹೇಳುವುದಿಲ್ಲ, ನಾನೂ ಬೇಡ ಅನ್ನುವುದಿಲ್ಲ. ಬೇಕಾದರೆ ಅವಳು ನನ್ನ ಜೊತೆ ಮಾತಾಡಲಿ, ಇಲ್ಲೇ ಸಂದೇಶ ಹಾಕಿ.

ಹಾಸನದ ಎಪಿಸಿ:
ಅಕ್ಕಾ, ಈಗಲೇ ಓದಿಸಿದೆ. ಅವಳೇ ನಿಮಗೆ ಸಂದೇಶ ಹಾಕುತ್ತಾಳಂತೆ. ಸರ್, ಕೊನೆಯದಾಗಿ ತರಬೇತಿ ಎಲ್ಲಿ?

ನಿವೃತ್ತ ಎಆರ್‌ಎಸ್‌ಐ, ಬೆಂಗಳೂರು:
ಮಾನೇಸರ್‌ನಲ್ಲಿ ಎನ್‌ಎಸ್‌ಜಿ, ಪುಣೆಯಲ್ಲಿ ಸೇನೆಯ ಎಂಜಿನಿಯರಿಂಗ್ ಕಾಲೇಜು. ಎಲ್ಲಿಗೆ ಕಳಿಸುತ್ತಾರೆ ಅನ್ನುವುದು ಇಲಾಖೆಗೆ ಬಿಟ್ಟಿದ್ದು. ಪಾಠ ಹಿಂದಿ, ಇಂಗ್ಲಿಷಿನಲ್ಲಿ ನಡೆಯುತ್ತದೆ, ಈಗಿನಿಂದಲೇ ಸ್ವಲ್ಪ ಹಿಂದಿ ರೂಢಿ ಮಾಡಿಕೊಳ್ಳಿ. ನಿಮ್ಮ ಡಿಪ್ಲೊಮಾ ಪುಸ್ತಕ ಇದ್ದರೆ ಸರ್ಕ್ಯೂಟ್ ಪಾಠ ಮತ್ತೆ ತೆಗೆದು ನೋಡಿ. ಬಣ್ಣ ಗುರುತಿಸುವುದರಲ್ಲಿ ತೊಂದರೆ ಇದೆಯಾ ಅಂತ ಕಣ್ಣು ಪರೀಕ್ಷೆ ಮಾಡಿಸಿಕೊಂಡು, ಆಮೇಲೆ ಆರ್‌ಪಿಐ ಸಾಹೇಬರ ಹತ್ತಿರ ಹೋಗಿ.